ಮೇಸ್ತ್ರಿಯ ಕೀಸುಳಿಗೆ ಹುಷಾರಿಲ್ಲದಾಗ

ಮೇಸ್ತ್ರಿಗೆ ನನ್ನ ಮೇಲೆ ಕೋಪ ಬಂದಿದೆ ಅನ್ನುವುದು ನನಗಿಂತ ಮೊದಲು ನನ್ನ ಅಂಗಡಿಯ ಬ್ಲೌಸ್ ಪೀಸುಗಳಿಗೆ ಗೊತ್ತಾಗುತ್ತಿತ್ತು. ಹಿಂದೂಪುರದಲ್ಲಿ ಅವರ ಮರಗೆಲಸದ ಅಂಗಡಿಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಖುಷಿಯಾಗಿದ್ದ ದಿನ ಅವರು ಮರದ ಪುಡಿಯನ್ನೆಲ್ಲ ಒಳಗೇ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು. ಕೋಪದ ದಿನ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು ಬಾಗಿಲಾಚೆಗೆ ಗುಡಿಸುತ್ತಿದ್ದರು. ನಾನು ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರೆ, ಪೊರಕೆ ಹಿಡಿದುಕೊಂಡೇ, "ಗಾಳಿ ನಂದಲ್ಲ ಕಣಮ್ಮ" ಅನ್ನುತ್ತಿದ್ದರು.

ಅವರು ತೀರಿಕೊಂಡು ಇನ್ನೂ ಹೆಚ್ಚು ದಿನವಾಗಿಲ್ಲ. ಈಗ ನನ್ನ ಬ್ಲೌಸ್ ಪೀಸುಗಳ ಮೇಲೆ ಧೂಳಿಲ್ಲ. ಅದು ನನಗೆ ಸ್ವಲ್ಪವೂ ಇಷ್ಟವಾಗುತ್ತಿಲ್ಲ.

ಅವರದು ಒಕ್ಕಲುತನದ ಮನೆ. ಮರಗೆಲಸ ವಂಶದಲ್ಲಿ ಬಂದದ್ದಲ್ಲ, ಹಠದಿಂದ ಕಲಿತದ್ದು. ಹಠದಿಂದ ಕಲಿತವರಿಗೆ ತಮ್ಮ ಕೆಲಸದಲ್ಲಿ ತಪ್ಪಾಗುತ್ತದೆ ಎಂದು ಒಪ್ಪಿಕೊಳ್ಳಲು ಬರುವುದಿಲ್ಲ. ಕಿಟಕಿ ಒಂದು ಬೆರಳು ಹೆಚ್ಚಾದರೆ ಅದು ಟೇಪಿನ ತಪ್ಪು. ಕುರ್ಚಿ ಅಲ್ಲಾಡಿದರೆ ಅದು ಗಿರಾಕಿಯ ಮನೆಯ ನೆಲದ ತಪ್ಪು. ಒಂದು ವರ್ಷ ಮಳೆ ಚೆನ್ನಾಗಿ ಬಂದು, ಅವರು ಕೂರಿಸಿದ ಬಾಗಿಲು ಊದಿಕೊಂಡು ಮುಚ್ಚಲು ಬರುತ್ತಿಲ್ಲ ಎಂದು ಗೋರಂಟ್ಲದಿಂದ ಒಬ್ಬರು ಬಂದು ಜಗಳಕ್ಕೆ ನಿಂತರು. ಮೇಸ್ತ್ರಿ ಸಮಾಧಾನವಾಗಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಈ ಸೀಮೇಲಿ ಮಳೆ ಬರೋದೇ ಅಪರೂಪ ಕಣಪ್ಪ. ಬಂದಾಗ ಬಾಗ್ಲು ತೆಕ್ಕೊಂಡು ನೋಡ್ಬೇಕು, ಮುಚ್ಕೊಂಡ್ ಏನ್ ಮಾಡ್ತೀಯ?" ಎಂದು ಕೇಳಿದರು. ಬಂದವರು ಟೀ ಕುಡಿದು ಹೋದರು.

ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುತ್ತಿದ್ದದ್ದು ಬಾಗಿಲ ಚೌಕಟ್ಟನ್ನು. ಹೆಬ್ಬೆರಳಿನಿಂದ ಮೂಲೆಯ ಕೂಡಿಕೆಯನ್ನು ಸವರಿ, ನಾಲಿಗೆಯಲ್ಲಿ "ಚ್" ಎಂದು ಒಂದು ಸದ್ದು ಮಾಡಿ, ಆಮೇಲೆ ಮನೆಯವರಿಗೆ ನಮಸ್ಕಾರ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಮೇಜಿನ ಕೆಳಗೆ ಬಗ್ಗಿ ಅದರ ಕಾಲುಗಳನ್ನು ನೋಡುವರು. ಇವರು ಚಪ್ಪಲಿ ಹುಡುಕುತ್ತಿದ್ದಾರೆಂದುಕೊಂಡು ಪಕ್ಕದವರು ತಾವೂ ಬಗ್ಗುವರು.

ಅವರ ಹತ್ತಿರ ಕರೆಂಟಿನ ಮಿಷನ್ನುಗಳೂ ಇದ್ದವು. ಆದರೆ ಕೊನೆಯ ನುಣುಪಿಗೆ ಅವರು ಕೈಗೆ ತೆಗೆದುಕೊಳ್ಳುತ್ತಿದ್ದದ್ದು ಒಂದು ಹಳೆಯ ಕೀಸುಳಿ. ಹಲಗೆಯ ಮೇಲೆ ತಳ್ಳಿದರೆ ಬಾಯಿಂದ ತೆಳ್ಳಗೆ ಸುರುಳಿ ಸುರುಳಿಯಾಗಿ ಮರ ಬರುತ್ತದಲ್ಲ, ಅದು. ಬೇರೆಯವರದು ಮರದ ಮೈಯಿನದು. ಇವರದು ಪೂರ್ತಿ ಬೀಡು, ಅಂದರೆ ಎರಕ ಹೊಯ್ದ ಕಬ್ಬಿಣ. ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ನಾನೊಮ್ಮೆ ಮೇಲಿದ್ದ ಧೂಳು ಊದಿದ್ದಕ್ಕೇ ಅಂದು ಸಂಜೆ ನನ್ನ ಬಾಗಿಲಿಗೆ ಪುಡಿ ಬಂದಿತ್ತು.

ಈ ಕೀಸುಳಿ ಬಿರುಕು ಬಿಟ್ಟದ್ದಕ್ಕೆ ನಾನೇ ಕಾರಣ ಅನ್ನುವುದು ಮೇಸ್ತ್ರಿಯ ವಾದ. ನಾನು ಅಂದೂ ಒಪ್ಪಿಲ್ಲ, ಇಂದೂ ಒಪ್ಪುವುದಿಲ್ಲ. ನಡೆದದ್ದು ಇಷ್ಟು: ಅವರ ಅಂಗಡಿಯದು ಮಣ್ಣಿನ ನೆಲ, ಅದರಿಂದಲೇ ಇಷ್ಟು ಧೂಳು ಎಂದು ನಾನು ಕಟ್ಟಡದ ಯಜಮಾನರಿಗೆ ಹೇಳಿ ಹೇಳಿ ಸಿಮೆಂಟ್ ಹಾಕಿಸಿದೆ. ಸಿಮೆಂಟ್ ಒಣಗಿದ ವಾರದಲ್ಲೇ ಮೇಸ್ತ್ರಿ ಕೀಸುಳಿಯನ್ನು ಅದರ ಮೇಲೆ ಬೀಳಿಸಿದರು. ಸದ್ದು ನನ್ನ ಅಂಗಡಿಗೂ ಕೇಳಿಸಿತು. ಓಡಿಹೋಗಿ ಇಣುಕಿದರೆ, ಎತ್ತಿಕೊಂಡು ಎದೆಗೆ ಒರೆಸಿಕೊಳ್ಳುತ್ತಾ, "ಏನೂ ಬಿದ್ದಿಲ್ಲ" ಅಂದರು.

ನೋಡಲು ಏನೂ ಆಗಿರಲಿಲ್ಲ. ಗುಟ್ಟು ಹೊರಬಿದ್ದದ್ದು ಆಯುಧಪೂಜೆಯ ದಿನ. ಅವರ ಉಳಿ, ಗರಗಸ, ಸುತ್ತಿಗೆಗಳೆಲ್ಲ ಸ್ನಾನ ಮಾಡಿ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಮೇಸ್ತ್ರಿ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಕೀಸುಳಿಗೆ ಬೊಟ್ಟಿಟ್ಟರು. ಬೊಟ್ಟು ದೊಡ್ಡದಾಯಿತೆಂದು ಒರೆಸಿದರು. ಎಲ್ಲ ಹೋಯಿತು, ಒಂದು ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಬಾಯಿಯ ಮೂಲೆಯಿಂದ ಅಂಚಿನವರೆಗೆ, ಕೂದಲೆಳೆಯಷ್ಟು ಸಣ್ಣದು. ಮತ್ತೆ ಒರೆಸಿದರು. ಪಂಚೆಯ ತುದಿಯಿಂದ ಒರೆಸಿದರು. ಉಗುಳು ಹಚ್ಚಲು ಹೋಗಿ, ಪೂಜೆ ಎಂದು ನೆನಪಾಗಿ ನಿಲ್ಲಿಸಿದರು.

"ಅಮ್ಮನವ್ರು ಗೆರೆ ಬರ್ದವ್ರೆ" ಅಂದರು ಕೊನೆಗೆ.

ನಾನು ದಿನಾ ದಾರ ನೋಡುವವಳು. "ಮೇಸ್ತ್ರಿ, ಅದು ಬಿರುಕು" ಅಂದೆ.

ಒಡೆದ ಆಯುಧವನ್ನು ಪೂಜೆಗೆ ಇಡುವಂತಿಲ್ಲ ಎಂದು ಅವರ ಹೆಂಡತಿ ಹಠ ಹಿಡಿದರು. ಗುರುಗಳು ಕೊಟ್ಟದ್ದನ್ನು ಬಿಟ್ಟು ಪೂಜೆ ಮಾಡುವುದು ಹೇಗೆ ಎಂದು ಇವರು. ಕಡೆಗೆ ಕೀಸುಳಿಯನ್ನು ಟವೆಲ್ಲಿನಲ್ಲಿ ಸುತ್ತಿ ಹಲಗೆಯ ಕೆಳಗೆ ಮಲಗಿಸಿ ಉಳಿದವಕ್ಕೆ ಮಂಗಳಾರತಿ ಎತ್ತಿದರು. ಪ್ರಸಾದಕ್ಕೆ ಬಂದವರು ಕೀಸುಳಿ ಎಲ್ಲಿ ಎಂದು ಕೇಳಿದಾಗ, "ಅದಕ್ಕೆ ಮೈಯಾಗ ಹುಷಾರಿಲ್ಲ" ಅಂದರು. ತಮಾಷೆಗೆ ಹೇಳಿದ್ದಲ್ಲ.

ಮರುದಿನದಿಂದ ಅವರು ಅದನ್ನು ಎತ್ತಿಕೊಂಡು ಹಿಂದೂಪುರದ ವೆಲ್ಡಿಂಗ್ ಅಂಗಡಿಗಳನ್ನೆಲ್ಲ ಸುತ್ತಿದರು. ಬೀಡು ಮಾಮೂಲಿ ಕಬ್ಬಿಣದ ಹಾಗಲ್ಲವಂತೆ. ಸುಮ್ಮನೆ ವೆಲ್ಡಿಂಗ್ ಕೊಟ್ಟರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದಂತೆ. ಇಡೀ ಮೈಯನ್ನು ಕೆಂಡದಲ್ಲಿ ಕಾಯಿಸಿ, ಗ್ಯಾಸಿನ ಉರಿಯಲ್ಲಿ ಹಿತ್ತಾಳೆ ಕರಗಿಸಿ ಬೆಸೆದು, ಬಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಅಷ್ಟು ಪುರಸೊತ್ತು ಈಗ ಯಾರಿಗಿದೆ? "ಹೊಸದು ತಗೋ ಮೇಸ್ತ್ರಿ" ಎಂದ ಒಬ್ಬ.

"ಹೆಂಡ್ತಿಗೆ ಹಲ್ಲು ನೋವು ಬಂದ್ರೆ ಹೊಸ ಹೆಂಡ್ತಿ ತತ್ತೀಯೇನ್ಲಾ?" ಎಂದು ಇವರು ರೇಗಿದರು. ಈ ಮಾತನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿದಾಗ ಅವರ ಹೆಂಡತಿ, "ನಂಗೆ ಹಲ್ಲು ನೋವು ಬಂದಾಗ ಡಾಕ್ಟ್ರತ್ರ ಕರ್ಕೊಂಡೋಗಿದ್ದು ನಮ್ಮಣ್ಣ" ಅಂದರಂತೆ.

ಹೋದ ಕಡೆಯಲ್ಲೆಲ್ಲ ಕೊನೆಗೆ ಬರುತ್ತಿದ್ದದ್ದು ಒಂದೇ ಮಾತು: ಬೀಡು ಬೆಸೆಯೋರು ಅಂದ್ರೆ ಕಲ್ಯಾಣದುರ್ಗದಲ್ಲಿ ಒಬ್ರವ್ರೆ. ಆ ಒಬ್ಬರು ಯಾರು ಎಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಜಗಳ ಒಂದು ಮಂಚದ್ದು. ಷಡ್ಡಕರ ಮಗಳ ಮದುವೆಗೆ ದೊಡ್ಡಪ್ಪನಾಗಿ ಮೇಸ್ತ್ರಿ ಬೇವಿನ ಮರದಲ್ಲಿ ಮಂಚ ಮಾಡಿಕೊಟ್ಟಿದ್ದರು. ಒಂದು ಮೊಳೆಯಿಲ್ಲ, ಪೂರಾ ಕೂಡಿಕೆಯ ಕೆಲಸ. ತಲೆದೆಸೆಗೆ ಎರಡು ಗಿಳಿ. ಆದರೆ ಗೇಟು ಗ್ರಿಲ್ಲು ಮಾಡುವ ಹುಡುಗಿಯ ಅಪ್ಪ ತಾವೂ ಒಂದು ಕಬ್ಬಿಣದ ಮಂಚ ಮಾಡಿದ್ದರು. ಹುಡುಗಿಯನ್ನು ಕಳಿಸುವ ದಿನ ಟೆಂಪೋದಲ್ಲಿ ಜಾಗವಿದ್ದದ್ದು ಒಂದಕ್ಕೇ. ಕಬ್ಬಿಣದ್ದನ್ನು ಮಡಚಬಹುದಿತ್ತು, ಅದು ಹೋಯಿತು. ಗಿಳಿ ಮಂಚ ಕಲ್ಯಾಣದುರ್ಗದಲ್ಲೇ ಉಳಿಯಿತು. "ಮಡ್ಚೋಕೆ ಅದೇನು ಛತ್ರಿಯಾ?" ಎಂದು ಕೇಳಿ ಮೇಸ್ತ್ರಿ ಊಟ ಮಾಡದೆ ಬಸ್ಸು ಹತ್ತಿದರು. ಅಷ್ಟೇ. "ನಿನ್ನ ಮಂಚ ಚೆನ್ನಾಗೈತಣ್ಣ, ಜಾಗ ಇಲ್ಲ, ಏನ್ ಮಾಡ್ಲಿ ಅಂತ ಒಂದ್ ಮಾತು ಅಂದಿದ್ರೆ ನಾನ್ಯಾಕ್ ಬತ್ತಿದ್ದೆ?" ಎಂದು ನನಗೆ ಹೇಳಿದ್ದರು. ಆ ಒಂದು ಮಾತಿಗೆ ಅವರು ಕಾಯುತ್ತಿದ್ದರು. ಆ ಕಡೆಯಿಂದ ಅದು ಬಂದಿರಲಿಲ್ಲ.

ಆ ವಾರ ನಾನು ಬ್ರಹ್ಮಸಮುದ್ರಕ್ಕೆ ಅಕ್ಕನ ಮನೆಗೆ ಹೊರಟಿದ್ದೆ. ಅಲ್ಲಿಗೆ ಹೋಗಬೇಕಾದರೆ ಕಲ್ಯಾಣದುರ್ಗದಲ್ಲಿ ಇಳಿಯಬೇಕು. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದರೆ ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಟವೆಲ್ಲಿನ ಗಂಟು ಇಟ್ಟುಕೊಂಡು ಕೂತಿದ್ದಾರೆ.

"ನಿನ್ನಿಂದ್ಲೇ ಆಗಿದ್ದು ಕಣಮ್ಮ. ಮಣ್ಣಿನ ನೆಲ ಆಗಿದ್ರೆ ಇದಕ್ಕೇನೂ ಆಯ್ತಿರ್ಲಿಲ್ಲ. ನೀನೇ ಬಂದು ಅವನ್ತಾವ ಮಾತಾಡು" ಅಂದರು.

ಮಡಕಶಿರ ದಾಟಿದ ಮೇಲೆ ಬಸ್ಸು ತುಂಬಿತು. ಗಂಟನ್ನು ಮೇಲಿಡಿ ಎಂದ ಕಂಡಕ್ಟರ್. ಮೇಸ್ತ್ರಿ ಕೇಳಿಸದವರಂತೆ ಕೂತರು. ಅವನು ಬಗ್ಗಿ, "ಏಮುಂದಿ ಪೆದ್ದಾಯನಾ ಅಂದುಲೋ?" ಎಂದು ಗಂಟಿನಲ್ಲೇನಿದೆ ಅಂತ ತೆಲುಗಿನಲ್ಲಿ ಕೇಳಿದ. ಮೇಸ್ತ್ರಿ ಗಂಟನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡು, "ಒಂಟ್ಲೋ ಬಾಗಾಲೇದು" ಅಂದರು. ಮೈಗೆ ಹುಷಾರಿಲ್ಲ ಅಂದದ್ದು ಕೇಳಿ ಮುಂದಿನ ಸೀಟಿನ ಹೆಂಗಸು ಗಾಳಿ ಬರುತ್ತದೆಂದು ಕಿಟಕಿ ಮುಚ್ಚಿದಳು. ಪಾವಗಡ ಬರುವವರೆಗೆ ಆ ಸೆಖೆಯಲ್ಲಿ ಬೆಂದೆವು. ನಿಜ ಹೇಳುವಷ್ಟು ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಷಡ್ಡಕರ ಶೆಡ್ಡು ಮನೆಯ ಮುಂದೆಯೇ ಇತ್ತು. ಅವರು ಟ್ರ್ಯಾಕ್ಟರಿನ ಟ್ರಾಲಿಯೊಂದರ ಕೆಳಗಿಂದ ಹೊರಬಂದು, ಮೇಸ್ತ್ರಿಯನ್ನು ನೋಡಿ, ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕವನ್ನು ತೆಗೆಯಲೇ ಇಲ್ಲ. ಮೇಸ್ತ್ರಿ ಶೆಡ್ಡಿನ ಚಾವಣಿ ನೋಡುತ್ತಾ ನಿಂತರು. ಒಳಗಿನಿಂದ ಷಡ್ಡಕರ ಹೆಂಡತಿ, ಮೇಸ್ತ್ರಿಯ ನಾದಿನಿ, ನೀರು ತಂದು ಕೊಟ್ಟು, ನಡೆಯುವುದನ್ನು ನೋಡಲು ಬಾಗಿಲಿಗೆ ಒರಗಿದರು.

"ಏನಂತೆ ಕೇಳಮ್ಮ" ಎಂದರು ಷಡ್ಡಕರು ನನಗೆ.

"ಅವನ್ಗೆ ತೋರ್ಸಮ್ಮ" ಎಂದರು ಮೇಸ್ತ್ರಿ ನನಗೆ.

ನಾನು ಗಂಟು ಬಿಚ್ಚಿದೆ. ಷಡ್ಡಕರು ಕೀಸುಳಿಯನ್ನು ಬೆಳಕಿಗೆ ಹಿಡಿದು ಕೆಂಪು ಗೆರೆ ನೋಡಿದರು. "ಎಷ್ಟೆತ್ತರದಿಂದ ಬಿತ್ತು ಅಂತ ಕೇಳಮ್ಮ."

"ಬಿದ್ದೇ ಇಲ್ಲ ಅಂತ ಹೇಳಮ್ಮ."

"ಬೀಳ್ದಿದ್ರೆ ಅದಕ್ಕೇನು ಬೇಜಾರಾಗಿ ಬಿರ್‌ಕು ಬಿಡ್ತಾ ಅಂತ ಕೇಳಮ್ಮ."

ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರವೇ ನಿಂತಿದ್ದರು. ಆದರೂ ನಾನು ಹೇಳಿದ ಹೊರತು ಉತ್ತರ ಹೊರಡುತ್ತಿರಲಿಲ್ಲ. ನಡುವೆ ನಿಂತವಳಿಗೂ ಒಂದಿಷ್ಟು ಅಧಿಕಾರವಿರುತ್ತದಲ್ಲ, ನಾನು ಮಾತುಗಳನ್ನು ಅಲ್ಲಲ್ಲಿ ಕತ್ತರಿಸಿ, ಅಲ್ಲಲ್ಲಿ ಮಡಚಿ ಹೊಲಿದು ಕೊಟ್ಟೆ. ಷಡ್ಡಕರು "ಕುಂಕುಮ ಹಚ್ಚಿ ಬಿರುಕು ಹುಡ್ಕೋ ಬುದ್ಧಿ ಇವರ್ಗೆಲ್ಲಿಂದ ಬಂತು" ಎಂದದ್ದನ್ನು "ಒಳ್ಳೇ ಬುದ್ಧಿ ಅಂತಾರೆ" ಎಂದು ಮಾಡಿದೆ. ಮೇಸ್ತ್ರಿಯ "ಕೆಡಿಸ್ಬುಟ್ಟಾನು, ಜೋಪಾನ" ಎಂಬುದು ನನ್ನ ಬಾಯಲ್ಲಿ "ನಿಮ್ಮ ಕೈಲೇ ಆಗ್ಬೇಕಂತೆ" ಎಂದಾಯಿತು. ಇಬ್ಬರೂ ನನ್ನನ್ನು ಅನುಮಾನದಿಂದ ನೋಡಿದರು, ಆದರೆ ತಿದ್ದಲಿಲ್ಲ.

ಷಡ್ಡಕರು ಬಿರುಕಿನುದ್ದಕ್ಕೂ ಮಿಷನ್ನಿನಿಂದ ಕಾಲುವೆಯಂತೆ ಕೊರೆದರು. ಮೇಸ್ತ್ರಿ ಆ ಸದ್ದಿಗೆ ಕಣ್ಣು ಮುಚ್ಚಿ ನನ್ನ ಸೆರಗು ಹಿಡಿದುಕೊಂಡಿದ್ದರು. ಇದನ್ನು ಅವರು ಆಮೇಲೆ ಒಪ್ಪಲಿಲ್ಲ. ಷಡ್ಡಕರು ಅದನ್ನು ಕೆಂಡದಲ್ಲಿ ಕಾಯಿಸಿ, ಬೆಸುಗೆ ಹಿಡಿಯಲೆಂದು ಬಿಳಿಗಾರದ ಪುಡಿ ಉದುರಿಸಿ, ಹಿತ್ತಾಳೆ ಕಡ್ಡಿ ಕರಗಿಸಿ ತುಂಬಿದರು. ಹೊಳೆಯುವ ಒಂದು ಹಳದಿ ಗೆರೆ ಮೂಡಿತು. ಆಮೇಲೆ ಒಂದು ಡ್ರಮ್ಮಿನಲ್ಲಿ ಕೆಂಡ ಬೆರೆತ ಬೂದಿಯೊಳಗೆ ಅದನ್ನು ಹೂತರು.

"ನಾಳೆ ಬಿಸಿಲೇರೋವರ್ಗೂ ಮುಟ್ಟಂಗಿಲ್ಲ ಅಂತ ಹೇಳಮ್ಮ. ಇಲ್ಲೇ ಇರ್ಬೇಕಾಯ್ತದೆ."

ಮೇಸ್ತ್ರಿಯ ಮುಖ ನೋಡುವಂತಿತ್ತು. ಕೀಸುಳಿಯನ್ನು ಬಿಟ್ಟು ಹೋಗುವಂತಿಲ್ಲ, ಆ ಮನೆಯಲ್ಲಿ ಉಳಿಯುವಂತಿಲ್ಲ. "ಬೂದಿ ತಾವ ಕೂತಿರ್ತೀನಿ ಅಂತ ಹೇಳಮ್ಮ" ಅಂದರು. ನಾದಿನಿ ಹೊರಗೆ ಬಂದು ಅವರ ಕೈಯಲ್ಲಿದ್ದ ಟವೆಲ್ ಕಿತ್ತುಕೊಂಡು, "ಭಾವ, ಕೈಕಾಲು ತೊಳ್ಕೊಳಿ, ಮುದ್ದೆ ಆಯ್ತದೆ" ಎಂದು ಒಳಗೆ ಕರೆದುಕೊಂಡು ಹೋದರು. ನಾನು ಜೀಪು ಹತ್ತಿ ಅಕ್ಕನ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕಲ್ಯಾಣದುರ್ಗಕ್ಕೆ ಬಂದು ಶೆಡ್ಡಿಗೆ ಕಾಲಿಟ್ಟೆ. ಮೇಸ್ತ್ರಿ ಒಬ್ಬರೇ ಇದ್ದರು. ಷಡ್ಡಕರು ಬಚ್ಚಲಿನಲ್ಲಿದ್ದರು, ನೀರು ಸುರಿಯುವ ಸದ್ದು ಬರುತ್ತಿತ್ತು. ಕೀಸುಳಿ ಬೂದಿಯಿಂದ ಹೊರಬಂದು ಒಂದು ಕಲ್ಲಿನ ಮೇಲೆ ಕೂತಿತ್ತು. ಇನ್ನೂ ಬಿಸಿಯಿತ್ತೆಂದು ಮೇಸ್ತ್ರಿಯೇ ಕೈಗೆ ಎರಡೆರಡು ಗೋಣಿಬಟ್ಟೆ ಸುತ್ತಿ ಎತ್ತಿದ್ದರಂತೆ. ಅದರ ಮುಂದೆ ಊದುಬತ್ತಿ, ಹೂವು. ಮೇಸ್ತ್ರಿ ತಲೆಗೆ ಟವೆಲ್ ಸುತ್ತಿ ಕೈಯಲ್ಲಿ ತೆಂಗಿನಕಾಯಿ ಹಿಡಿದಿದ್ದರು.

"ಪೂಜೆ ತಪ್ಪೋಗಿತ್ತಲ್ಲಮ್ಮ. ಎಲ್ಲಾ ಸಾಮಾನಿಗೂ ಆಗಿ ಇದೊಂದಕ್ಕೇ ಆಗಿರ್ಲಿಲ್ಲ. ಊರಿಗೋಗೋ ಮುಂಚೆ ಮಾಡ್ಬುಡ್ತೀನಿ" ಎಂದು ಕಲ್ಲಿಗೆ ಕಾಯಿ ಒಡೆದರು. ಹೊಸ ಗಾಡಿಗೆ ಮಾಡುವಂತೆ, ಕಣ್ಣು ಮುಚ್ಚಿ, ಭಕ್ತಿಯಿಂದ, ಆ ನೀರನ್ನು ಕೀಸುಳಿಯ ನೆತ್ತಿಗೆ ಹೊಯ್ದರು.

ಚುಂಯ್ ಎಂದಿತು. ಆಮೇಲೆ ಟಿಣ್ ಎಂದು ಒಂದು ಸಣ್ಣ ಸದ್ದು.

ಹಿತ್ತಾಳೆಯ ಗೆರೆಗೆ ಏನೂ ಆಗಿರಲಿಲ್ಲ. ಬಾಯಿಯ ಇನ್ನೊಂದು ಪಕ್ಕದಲ್ಲಿ, ಅಷ್ಟೇ ಉದ್ದಕ್ಕೆ, ಹೊಸದೊಂದು ಬಿರುಕು. ಬಚ್ಚಲಿನ ನೀರಿನ ಸದ್ದು ನಿಂತುಹೋಯಿತು. ಒದ್ದೆ ಮೈಯಲ್ಲಿ ಟವೆಲ್ ಸುತ್ತಿಕೊಂಡು ಷಡ್ಡಕರು ಬಾಗಿಲಲ್ಲಿ ನಿಂತರು. ಕಾಯಿಯ ಹೋಳು ನೋಡಿದರು, ಕೀಸುಳಿ ನೋಡಿದರು. ಮೇಸ್ತ್ರಿ ನನ್ನನ್ನು ನೋಡಿದರು.

"ಅವನ್ಗೆ ಹೇಳಮ್ಮ..."

ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. "ನಾನೇಳಲ್ಲ ಮೇಸ್ತ್ರಿ. ಕಾಯಿ ಒಡೆದೋರು ನೀವು, ನೀವೇ ಹೇಳಿ" ಅಂದೆ.

ಅವರು ತಲೆಯ ಟವೆಲ್ ಬಿಚ್ಚಿದರು. ಮತ್ತೆ ಸುತ್ತಿದರು. ಕೊನೆಗೆ ನೆಲ ನೋಡಿಕೊಂಡು, "ನನ್ ಕೈಯಿಂದ್ಲೇ ಬಿರ್‌ಕು ಬಿಟ್ಕೊಂಡ್ಬುಡ್ತು ಕಣಪ್ಪ" ಅಂದರು. ಇಷ್ಟು ವರ್ಷಗಳ ಮೇಲೆ ಷಡ್ಡಕನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ತಮ್ಮ ಕೈಯಿಂದ ತಪ್ಪಾಯಿತೆಂದು ಒಪ್ಪಿಕೊಂಡ ಮಾತಂತೂ ನಾನು ಕೇಳಿದ ಮಟ್ಟಿಗೆ ಅದೊಂದೇ.

ಷಡ್ಡಕರು ಬೈಯುತ್ತಾರೆಂದು ನಾನು ಕಾದೆ. ಅವರು ಹತ್ತಿರ ಬಂದು ಬಗ್ಗಿ ನೋಡಿ, "ಎಳನೀರೋ ಬಲಿತ ಕಾಯೋ?" ಎಂದು ಕೇಳಿದರು.

"ಬಲ್ತಿದ್ದು."

"ಬಲ್ತಿದ್ದಾದ್ರೆ ಇನ್ನೊಂದಿನ ಇರ್ಬೇಕಾಯ್ತದಣ್ಣ" ಎಂದರು, ಅದೇನೋ ಶಾಸ್ತ್ರ ಎಂಬಂತೆ. ಒಳಗಿನಿಂದ ನಾದಿನಿ ನಕ್ಕ ಸದ್ದು ಕೇಳಿಸಿತು. ನಾನು ಒಬ್ಬಳೇ ಹಿಂದೂಪುರದ ಬಸ್ಸು ಹತ್ತಿದೆ.

ಮೇಸ್ತ್ರಿ ಬಂದದ್ದು ಎರಡು ಹಳದಿ ಗೆರೆಯ ಕೀಸುಳಿಯೊಂದಿಗೆ. ಅಂಗಡಿಯ ಬೀಗ ತೆಗೆಯುವ ಮೊದಲೇ ನನ್ನ ಬಾಗಿಲಿಗೆ ಬಂದರು. ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದ ಸುದ್ದಿ ಅದು: "ಟೈಲರಮ್ಮ, ಅವ್ನು ಮಲ್ಗೋದು ನನ್ ಮಂಚದ ಮೇಲೇ ಕಣಮ್ಮ. ಕಬ್ಣದ ಅಂಗ್ಡಿ ಇಟ್ಕೊಂಡು, ಮನೇಲಿ ನನ್ ಗಿಳಿ ಮಂಚ."

"ಚೆನ್ನಾಗಿದೆ ಅಂದ್ರಾ?"

ಅವರ ಉತ್ಸಾಹ ಸ್ವಲ್ಪ ಇಳಿಯಿತು. "ಅದೊಂದು ಬಾಯ್ಬಿಟ್ಟು ಹೇಳ್ಲಿಲ್ಲ. ಸೊಂಟ ನೋವು, ಡಾಕ್ಟ್ರು ಮರದ್ದು ಅಂದವ್ರೆ ಅಂದ. ಮುಂದಿನ್ಸಲ ಹೇಳ್ತಾನೆ ಬುಡು."

ಮುಂದಿನ ಸಲ ಎಂದರೆ ಏನೆಂದು ನನಗೆ ಆಮೇಲೆ ಅರ್ಥವಾಯಿತು. ಆವತ್ತಿನಿಂದ ಪ್ರತಿ ವರ್ಷ ಆಯುಧಪೂಜೆ ಕಳೆದೊಡನೆ ಮೇಸ್ತ್ರಿಗೆ ಯಾವುದಾದರೂ ಒಂದು ಕಬ್ಬಿಣದಲ್ಲಿ ಬಿರುಕು ಕಾಣಿಸತೊಡಗಿತು. ಒಂದು ವರ್ಷ ಹಲಗೆ ಹಿಡಿಯುವ ವೈಸು, ಇನ್ನೊಂದು ವರ್ಷ ಹೆಂಡತಿಯ ದೋಸೆ ಕಾವಲಿ. ಒಮ್ಮೆ ನನ್ನ ಹೊಲಿಗೆ ಮಿಷನ್ನಿನ ಚಕ್ರವನ್ನೇ ಕಣ್ಣರಳಿಸಿ ನೋಡಿ, "ಇಲ್ಲೊಂದು ಗೆರೆ ಐತಲ್ಲ" ಅಂದರು. ಕುಂಕುಮ ಹಚ್ಚಿ ಒರೆಸಿ ತೋರಿಸಿದೆ, ಗೆರೆಯೂ ಇಲ್ಲ, ಏನೂ ಇಲ್ಲ. "ನಿನ್ ಕುಂಕುಮ ಸರಿ ಇಲ್ಲ" ಎಂದು ಗೊಣಗಿ, ಕಾವಲಿಯನ್ನೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು. ಹೋಗಿ ಬಂದಾಗಲೆಲ್ಲ ನಾನು, "ಹೇಳಿದ್ರಾ?" ಎಂದು ಕೇಳುವುದು. "ಇನ್ನೂ ಇಲ್ಲ" ಎಂದು ಅವರು. ಒಂದು ವರ್ಷ ಮಂಚದ ಮೇಲೆ ಹೊಸ ಹಾಸಿಗೆ ಬಂದಿದೆ ಅಂದರು. ಇನ್ನೊಂದು ವರ್ಷ ಗಿಳಿಗಳಿಗೆ ಎಣ್ಣೆ ಹಚ್ಚಿದ್ದಾನೆ ಅಂದರು. ಬಾಯಿಂದ ಮಾತ್ರ ಬರಲಿಲ್ಲ.

ಮೇಸ್ತ್ರಿಯ ತಿಥಿಯ ದಿನ ಅವರ ಮನೆಗೆ ಹೋಗಿದ್ದೆ. ಹಾಲ್‌ನಲ್ಲಿ ಮೇಸ್ತ್ರಿಯ ಫೋಟೋ, ಅದಕ್ಕೆ ಹಾರ. ಫ್ರೇಮಿನ ಮೂಲೆ ಸರಿಯಾಗಿ ಕೂಡಿರಲಿಲ್ಲ. ಅವರೇ ಇದ್ದಿದ್ದರೆ ಮೊದಲು ಅದನ್ನು ಸವರಿ "ಚ್" ಅನ್ನುತ್ತಿದ್ದರು. ಫೋಟೋದ ಮುಂದೆ ಅವರ ಹೆಂಡತಿ ಕೀಸುಳಿಯನ್ನು ಇಟ್ಟಿದ್ದರು. ಒಡೆದು ಬೆಸೆದದ್ದನ್ನು ಇಡಬಹುದೋ ಬಾರದೋ ಎಂದು ಯಾರೂ ಕೇಳಲಿಲ್ಲ.

ಊಟ ಮುಗಿದು ಜನ ಕಡಿಮೆಯಾದ ಮೇಲೆ ಕಲ್ಯಾಣದುರ್ಗದ ಷಡ್ಡಕರು ಅದರ ಮುಂದೆ ಕುಳಿತರು. ಹೆಬ್ಬೆರಳಿನಿಂದ ಒಂದು ಹಳದಿ ಗೆರೆ ಸವರಿದರು, ಆಮೇಲೆ ಇನ್ನೊಂದು. ಫೋಟೋ ನೋಡಿದರು. ಕೊನೆಗೆ ಸುತ್ತಲೂ ಕಣ್ಣಾಡಿಸಿ, ಗೋಡೆಗೆ ಒರಗಿ ಕೂತಿದ್ದ ನನ್ನನ್ನು ಹುಡುಕಿದರು.

"ಟೈಲರಮ್ಮ, ಅವರ್ಗೆ ಒಂದ್ ಮಾತು ಹೇಳಮ್ಮ."

"ಏನಂತ ಹೇಳ್ಲಿ?"

"ಮಂಚ ಬೋ ಚೆನ್ನಾಗಿ ಮಾಡಿದ್ರು ಅಂತ."

ನಾನು ಫೋಟೋದ ಕಡೆ ತಿರುಗಿ ಹೇಳಿದೆ. ಈ ಸಲ ಒಂದು ಅಕ್ಷರವನ್ನೂ ಬದಲಿಸಲಿಲ್ಲ.